ಇಗರ್ಜಿಯ ಮಾಡಿನ ಮೇಲಿಂದ ಅನ್ಯಲೋಕಗಳನ್ನು ಅಳೆದ ಧರ್ಮಗುರು: ಫಾ| ಆಂಜೆಲೊ ಸೆಕ್ಕಿ

ರೋಮ್ ಯಾತ್ರೆಗೆ ಹೋದವರಲ್ಲಿ ಹೆಚ್ಚಿನವರು ಸಂತ ಪೇತ್ರರ ಮಹಾದೇವಾಲಯವನ್ನು ಕಂಡು, ಪೋಪ್‌ರವರ ದರ್ಶನ ಪಡೆದು ಹಿಂದಿರುಗುತ್ತಾರೆ. ಒಂದೆರಡು ದಿನ ಹೆಚ್ಚು ಉಳಿದವರು ನಗರದ ನಡುವಿನ ಸಂತ ಇಗ್ನೇಷಿಯಸರ ಇಗರ್ಜಿಗೂ ಹೋಗುವುದುಂಟು. ನಮ್ಮ ಕರಾವಳಿಯವರಿಗೆ ಅಲ್ಲಿಗೆ ಹೋಗಲು ಒಂದು ವಿಶೇಷ ಕಾರಣವಿದೆ. ಮಂಗಳೂರಿನ ಪ್ರಸಿದ್ಧ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತ ಅಲೋಶಿಯಸ್ ಗೊನ್ಜಾಗರ ಸಮಾಧಿ ಇರುವುದು ಅದೇ ಇಗರ್ಜಿಯಲ್ಲಿ.

ಅಲ್ಲಿ ನೆಲದ ಮೇಲೆ ಗುರುತಿಗಾಗಿ ಒಂದು ಅಮೃತಶಿಲೆಯ ಬಿಲ್ಲೆಯನ್ನು ಕೂರಿಸಿದ್ದಾರೆ. ಅದರ ಮೇಲೆ ನಿಂತು ತಲೆ ಎತ್ತಿ ನೋಡಿದರೆ ಭವ್ಯವಾದ ಗುಮ್ಮಟವೊಂದು ಕಾಣುತ್ತದೆ. ಅದರ ಕಂಬಗಳು, ಕಮಾನುಗಳು, ಮೇಲಿನಿಂದ ಇಳಿಯುವ ಬೆಳಕು ಎಲ್ಲವೂ ಸ್ಪಷ್ಟ. ಆದರೆ ಬಿಲ್ಲೆಯಿಂದ ನಾಲ್ಕು ಹೆಜ್ಜೆ ಮುಂದೆ ಹೋದರೆ ಆ ಗುಮ್ಮಟ ಒಂದು ಬದಿಗೆ ವಾಲಿದಂತಾಗಿ ಗುಟ್ಟು ರಟ್ಟಾಗುತ್ತದೆ. ಅಲ್ಲಿ ಗುಮ್ಮಟವೇ ಇಲ್ಲ! ಸುಮಾರು 17 ಮೀಟರ್ ಅಗಲದ ಚಪ್ಪಟೆ ಬಟ್ಟೆಯ ಮೇಲೆ ಜೆಸ್ವಿಟ್ ಬ್ರದರ್ ಆಂದ್ರೆಯಾ ಪೊಜ್ಜೊ 1685ರಲ್ಲಿ ಬಿಡಿಸಿದ ಚಿತ್ರ ಅದು. ನಿಜವಾದ ಗುಮ್ಮಟ ಕಟ್ಟುವ ಯೋಜನೆ ಇದ್ದರೂ ಅದು ಕೈಗೂಡಲಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇನ್ನೊಬ್ಬ ಜೆಸ್ವಿಟ್ ಬ್ರದರ್ ಮೊಸ್ಕೇನಿಯವರ ಕುಂಚದ ಕೆಲಸವನ್ನು ಕಂಡವರಿಗೆ ಬಣ್ಣದ ಇಂತಹ ಕೈಚಳಕ ತೀರಾ ಹೊಸದೇನಲ್ಲ.

ಬಟ್ಟೆಯ ಗುಮ್ಮಟಕ್ಕೆ ಭಾರವಿಲ್ಲ. ಆದರೆ ಕಲ್ಲಿನ ಗುಮ್ಮಟವನ್ನು ಹೊರಲೆಂದು ಮೊದಲೇ ಎಬ್ಬಿಸಿದ್ದ ಬೃಹತ್ ಕಂಬಗಳು ಹಾಗೆಯೇ ಉಳಿದಿದ್ದವು. ಅವು ಸುಮಾರು 170 ವರ್ಷ ಕೆಲಸವಿಲ್ಲದೆ ನಿಂತಿದ್ದ ಮೇಲೆ, ಅದೇ ಸಭೆಯ ಧರ್ಮಗುರುವೊಬ್ಬರು ಅವುಗಳ ಮೇಲೆ ಒಂದು ವೀಕ್ಷಣಾಲಯ ಕಟ್ಟಿಸಿದರು. ಕಣ್ಣನ್ನು ಮೋಸಗೊಳಿಸುವ ಚಿತ್ರದ ಮೇಲ್ಗಡೆಯೇ ಕುಳಿತು, ದೂರದಿಂದ ಕಂಡದ್ದು ನಿಜವೇ ಭ್ರಮೆಯೇ ಎಂದು ಪರೀಕ್ಷಿಸುವುದರಲ್ಲಿ ಜೀವನ ಕಳೆದ ಆ ಗುರುಗಳೇ ಫಾ| ಆಂಜೆಲೊ ಸೆಕ್ಕಿ. ನಕ್ಷತ್ರಗಳು ಎಲ್ಲಿವೆ ಎಂದು ಮಾತ್ರ ನೋಡುತ್ತಿದ್ದ ಖಗೋಳ ವಿಜ್ಞಾನವನ್ನು ಅವು ಏನು ಎಂದು ಕೇಳುವಂತೆ ಮಾಡಿದವರಲ್ಲಿ ಅವರು ಅಗ್ರಗಣ್ಯರು.

ಇಂದು ಉಪಗ್ರಹ, ನೌಕೆಗಳು ಚಂದ್ರನನ್ನೋ ಮಂಗಳನನ್ನೋ ಸುತ್ತುತ್ತಾ ನೆಲ ಮುಟ್ಟದೆಯೇ ಅಲ್ಲಿನ ಕಲ್ಲು ಮಣ್ಣಿನ ಗುಣ ತಿಳಿಸುತ್ತವೆ. ಇದಕ್ಕೆ ದೂರಸಂವೇದನೆ ಅಥವಾ ರಿಮೋಟ್ ಸೆನ್ಸಿಂಗ್ ಎನ್ನುತ್ತಾರೆ. ಒಂದೇ ಜಾಗವನ್ನು ಬೇರೆ ಬೇರೆ ಕೋನಗಳಿಂದ ಫೋಟೋ ತೆಗೆದು, ಆ ಫೋಟೋಗಳಿಂದಲೇ ಬೆಟ್ಟದ ಎತ್ತರ, ಕಣಿವೆಯ ಆಳ ಲೆಕ್ಕಹಾಕುವ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಈ ಹೆಸರನ್ನು 1867ರಲ್ಲಿ ಕೊಟ್ಟವರು ಜರ್ಮನಿಯ ಮೈಡನ್‌ಬೌವರ್. ಅದಕ್ಕೂ ಏಳು ವರ್ಷ ಮೊದಲೇ ಫಾ| ಸೆಕ್ಕಿಯವರು ಸ್ಪೇನಿನ ಒಂದು ಬೆಟ್ಟದ ಮೇಲೆ, ಎರಡು ಕಡೆಯಿಂದ ತೆಗೆದ ಫೋಟೋಗಳನ್ನು ಹೋಲಿಸಿ ಸೂರ್ಯನ ಕುರಿತ ದೊಡ್ಡ ವಿವಾದವೊಂದನ್ನು ಬಗೆಹರಿಸುವ ಕೆಲಸಕ್ಕೆ ಇಳಿದಿದ್ದರು. ಆ ಕಥೆ ಮುಂದೆ ಬರುತ್ತದೆ.

ಬಡಗಿಯ ಮಗ

ಸೆಕ್ಕಿಯವರು ಹುಟ್ಟಿದ್ದು ಉತ್ತರ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ, 1818ರ ಜೂನ್ ತಿಂಗಳಲ್ಲಿ. ತಂದೆ ಬಡಗಿ. ಊರಿನ ಜೆಸ್ವಿಟ್ ಶಾಲೆಯಲ್ಲಿ ಕಲಿತು, 1833ರಲ್ಲಿ ಹದಿನೈದರ ಹರೆಯದಲ್ಲೇ ರೋಮಿನಲ್ಲಿ ಯೇಸು ಸಭೆಗೆ ಸೇರಿದರು. ರೋಮನ್ ಕಾಲೇಜಿನಲ್ಲಿ ಓದಿ, ಕೆಲವು ವರ್ಷ ಲೊರೆಟೊದಲ್ಲಿ ಭೌತಶಾಸ್ತ್ರ ಕಲಿಸಿದರು. 1847ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಮರುವರ್ಷವೇ ಕಷ್ಟ ಬಂತು. 1848ರಲ್ಲಿ ಯುರೋಪಿನ ಉದ್ದಗಲಕ್ಕೂ ಕ್ರಾಂತಿಯ ಗಾಳಿ ಬೀಸಿ, ಜೆಸ್ವಿಟರು ರೋಮ್ ಬಿಟ್ಟು ಹೋಗಬೇಕಾಯಿತು. ಸೆಕ್ಕಿಯವರು ಮೊದಲು ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಕಾಲೇಜಿಗೂ ಅಲ್ಲಿಂದ ಅಮೆರಿಕದ ಜಾರ್ಜ್‌ಟೌನಿಗೂ ಹೋದರು. ಅವರ ಗುರುಗಳೂ ರೋಮನ್ ಕಾಲೇಜಿನ ವೀಕ್ಷಣಾಲಯದ ನಿರ್ದೇಶಕರೂ ಆಗಿದ್ದ ಫಾ| ದೆ ವಿಕೊ ಅದೇ ದೇಶಭ್ರಷ್ಟತೆಯ ನಡುವೆ ಲಂಡನಿನಲ್ಲಿ ತೀರಿಕೊಂಡರು. ಜಾರ್ಜ್‌ಟೌನಿನಲ್ಲಿ ಸೆಕ್ಕಿಯವರಿಗೆ ಅಮೆರಿಕದ ನೌಕಾಪಡೆಯ ಅಧಿಕಾರಿ ಮ್ಯಾಥ್ಯೂ ಮೌರಿಯವರ ಸ್ನೇಹವಾಯಿತು. ಮೌರಿಯವರು ಸಾವಿರಾರು ಹಡಗುಗಳ ದಿನಚರಿ ಪುಸ್ತಕಗಳನ್ನು ಒಟ್ಟುಗೂಡಿಸಿ ಸಮುದ್ರದ ಗಾಳಿ, ಪ್ರವಾಹಗಳ ನಕ್ಷೆ ಮಾಡಿದವರು. ಒಬ್ಬನೇ ಒಂದೇ ಕಡೆ ಕುಳಿತು ಕಾಣಲಾಗದ್ದನ್ನು ಹಲವರು ಹಲವು ಕಡೆಯಿಂದ ಕಂಡು ಒಟ್ಟುಗೂಡಿಸಿದರೆ ತಿಳಿಯಬಹುದು ಎಂಬ ಪಾಠ ಸೆಕ್ಕಿಯವರ ಮನಸ್ಸಿನಲ್ಲಿ ಅಲ್ಲೇ ಬೇರೂರಿರಬೇಕು. ಅವರ ಮುಂದಿನ ಕೆಲಸಗಳನ್ನು ನೋಡಿದರೆ ಹಾಗೆನಿಸುತ್ತದೆ.

1849ರ ಕೊನೆಗೆ ಅವರು ರೋಮಿಗೆ ಮರಳಿದರು. ದೆ ವಿಕೊರವರ ಸ್ಥಾನಕ್ಕೆ ಅವರನ್ನೇ ನೇಮಿಸಿದಾಗ ವಯಸ್ಸು ಮೂವತ್ತೊಂದು. ಹಳೆಯ ವೀಕ್ಷಣಾಲಯ ಎತ್ತರದ ಗೋಪುರವೊಂದರಲ್ಲಿತ್ತು, ಭಾರದ ಯಂತ್ರಗಳಿಗೆ ಬೇಕಾದ ಭದ್ರತೆ ಅಲ್ಲಿರಲಿಲ್ಲ. ದೂರದರ್ಶಕ ಕೂದಲೆಳೆಯಷ್ಟು ಅಲುಗಿದರೂ ಅಳತೆ ಕೆಡುತ್ತದೆ. ಇಗರ್ಜಿಯ ಖಾಲಿ ಕಂಬಗಳು ಅವರ ಕಣ್ಣಿಗೆ ಬಿದ್ದದ್ದು ಆಗಲೇ. 1850ರ ದಶಕದ ಆರಂಭದಲ್ಲಿ ಅಲ್ಲಿ ಹೊಸ ವೀಕ್ಷಣಾಲಯ ತಲೆಯೆತ್ತಿತು. ಮ್ಯೂನಿಕ್‌ನ ಮೆರ್ಟ್ಸ್ ಕಂಪೆನಿಯ ಸುಮಾರು 24 ಸೆಂಟಿಮೀಟರ್ ಅಗಲದ ಮಸೂರವುಳ್ಳ ದೂರದರ್ಶಕ ಬಂತು. ಅದಕ್ಕೆ ತಗಲಿದ ಹಣದಲ್ಲಿ ಜತೆಗಾರ ಜೆಸ್ವಿಟರೊಬ್ಬರ ಪಿತ್ರಾರ್ಜಿತದ ಪಾಲೂ ಇತ್ತು.

ಚಂದ್ರನ ಮೇಲೊಂದು ಅಳತೆಗೋಲು

ಅನ್ಯಲೋಕವನ್ನು ಅಳೆಯುವ ಮೊದಲು ಸೆಕ್ಕಿಯವರು ಭೂಮಿಯನ್ನು ಅಳೆದರು ಎಂಬುದು ಗಮನಾರ್ಹ. ಸುಮಾರು ನೂರು ವರ್ಷಗಳ ಹಿಂದೆ, ಜೆಸ್ವಿಟ್ ವಿಜ್ಞಾನಿ ಫಾ| ಬೊಸ್ಕೊವಿಚ್ ರೋಮಿನ ಹೊರಗೆ ಪುರಾತನ ಆಪ್ಪಿಯಾ ರಸ್ತೆಯ ಉದ್ದಕ್ಕೂ ಒಂದು ನೇರ ಗೆರೆಯನ್ನು ಅಳೆದಿದ್ದರು. ಇಡೀ ಪ್ರದೇಶದ ನಕ್ಷೆಗೆ ಅದೇ ಆಧಾರರೇಖೆ. 1854-55ರಲ್ಲಿ ಸೆಕ್ಕಿಯವರು ಅದನ್ನು ಹೊಸ ಉಪಕರಣಗಳಿಂದ ಮತ್ತೆ ಅಳೆದರು. ಒಂದು ಗೆರೆಯ ಉದ್ದ ಸರಿಯಾಗಿ ಗೊತ್ತಿದ್ದು, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡುವ ಕೋನ ಗೊತ್ತಿದ್ದರೆ, ಬೆಟ್ಟದವರೆಗೆ ನಡೆಯದೆಯೇ ಅದರ ದೂರ ಹೇಳಬಹುದು. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರು ಕೈಚಾಚಿ ಹೆಬ್ಬೆರಳನ್ನು ಒಮ್ಮೆ ಬಲಗಣ್ಣಿನಿಂದ, ಒಮ್ಮೆ ಎಡಗಣ್ಣಿನಿಂದ ನೋಡಲಿ. ಹಿಂದಿನ ಗೋಡೆಯ ಮೇಲೆ ಬೆರಳು ಜಿಗಿದಂತೆ ಕಾಣುತ್ತದೆ. ಬೆರಳನ್ನು ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ದೂರವನ್ನು ಅಳೆಯುವ ಕೀಲಿ ಆ ಜಿಗಿತದಲ್ಲಿದೆ. ಫೋಟೋಗ್ರಾಮೆಟ್ರಿಯಲ್ಲಿ ಎರಡು ಕಣ್ಣುಗಳ ಬದಲು ಎರಡು ಕ್ಯಾಮೆರಾಗಳಿರುತ್ತವೆ, ಅಷ್ಟೇ.

ಚಂದ್ರನ ವಿಷಯದಲ್ಲಿ ಸೆಕ್ಕಿಯವರಿಗೆ ಆಗ ಒಂದೇ ಕಣ್ಣು. ಆದ್ದರಿಂದ ಅವರು ಕಣ್ಣಂದಾಜಿನ ಚಿತ್ರವನ್ನು ಬಿಟ್ಟು ಮೈಕ್ರೋಮೀಟರನ್ನು ಹಿಡಿದರು. ದೂರದರ್ಶಕದ ಕಣ್ಣಿನಲ್ಲಿ ಅತಿ ಸಣ್ಣ ಎಳೆಗಳನ್ನು ಕೂರಿಸಿ, ತಿರುಪು ತಿರುಗಿಸಿ ಎಳೆಯನ್ನು ಸರಿಸುತ್ತಾ ಅಳೆಯುವ ಸಾಧನ ಅದು. ಆ ಕಾಲದಲ್ಲಿ ಈ ಎಳೆಗಳಿಗೆ ಜೇಡನ ನೂಲನ್ನೇ ಬಳಸುತ್ತಿದ್ದರು. ಹೀಗೆ ರಾತ್ರಿಯಿಂದ ರಾತ್ರಿಗೆ ಅಳೆದು, 1850ರ ದಶಕದ ನಡುವಿನಲ್ಲಿ ಚಂದ್ರನ ಕೊಪರ್ನಿಕಸ್ ಎಂಬ ದೊಡ್ಡ ಕುಳಿಯ ವಿವರವಾದ ಚಿತ್ರವನ್ನು ಸಿದ್ಧಪಡಿಸಿದರು. ಈ ಕುಳಿಯ ಅಡ್ಡಳತೆ 93 ಕಿಲೋಮೀಟರ್, ಎಂದರೆ ಮಂಗಳೂರಿನಿಂದ ಕುಂದಾಪುರದಷ್ಟು ದೂರ ಎನ್ನಬಹುದು. ಭೂಮಿಯ ನಕ್ಷೆಗೆ ಅನ್ವಯಿಸುವ ಶಿಸ್ತನ್ನು ಚಂದ್ರನ ಒಂದು ಕುಳಿಗೆ ಅನ್ವಯಿಸಿದ್ದು ದೊಡ್ಡ ಕೆಲಸವೇ ಸರಿ. ಅದೇ ದಶಕದಲ್ಲಿ ಅವರು ಚಂದ್ರನ ಬೇರೆ ಬೇರೆ ತಿಥಿಗಳ ಫೋಟೋಗಳನ್ನೂ ತೆಗೆದರು. ಫೋಟೋಗ್ರಫಿ ಹುಟ್ಟಿ ಆಗಿನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಒಂದು ಹೆಸರು ತಂದ ಎಡವಟ್ಟು

1858ರಲ್ಲಿ ಮಂಗಳಗ್ರಹ ಭೂಮಿಯ ಸಮೀಪ ಬಂದಾಗ ಸೆಕ್ಕಿಯವರು ಅದನ್ನು ಬಣ್ಣಗಳಲ್ಲಿ ಚಿತ್ರಿಸಿದರು. ಕೆಂಪು ನೆಲ, ಧ್ರುವದಲ್ಲಿ ಬಿಳಿ ಟೊಪ್ಪಿ, ನಡುವೆ ನೀಲಿಯಂತೆ ಕಾಣುವ ಕಪ್ಪು ಕಲೆಗಳು. ಅವುಗಳಲ್ಲಿ ತ್ರಿಕೋನಾಕಾರದ ದೊಡ್ಡ ಕಲೆಯೊಂದಕ್ಕೆ ಅವರು ಅಟ್ಲಾಂಟಿಕ್ ಕನಾಲೆ ಎಂದು ಹೆಸರಿಟ್ಟರು. ಎರಡು ಖಂಡಗಳ ನಡುವೆ ಅಟ್ಲಾಂಟಿಕ್ ಸಾಗರ ಇರುವಂತೆ ಇದೂ ಇದೆ ಎಂಬುದು ಅವರ ಕಲ್ಪನೆ. ಇಟಾಲಿಯನ್ ಭಾಷೆಯಲ್ಲಿ ಕನಾಲೆ ಎಂದರೆ ನೈಸರ್ಗಿಕ ಜಲಸಂಧಿಯೂ ಆಗಬಹುದು, ಮನುಷ್ಯರು ತೋಡಿದ ಕಾಲುವೆಯೂ ಆಗಬಹುದು. ಮಂಗಳಗ್ರಹಕ್ಕೆ ಈ ಮಾತನ್ನು ಮೊದಲು ಬಳಸಿದವರು ಸೆಕ್ಕಿಯವರೇ.

1877ರಲ್ಲಿ ಮಿಲಾನಿನ ಶಿಯಾಪರೆಲ್ಲಿ ಮಂಗಳನ ಮೇಲೆ ಉದ್ದನೆಯ ಗೆರೆಗಳನ್ನು ಕಂಡಂತಾಗಿ ಅದೇ ಮಾತನ್ನು ಬಹುವಚನದಲ್ಲಿ ಬಳಸಿದರು. ಇಂಗ್ಲಿಷಿಗೆ ಹೋಗುವಾಗ ಅದು ತೋಡಿದ ಕಾಲುವೆಯೇ ಆಗಿಬಿಟ್ಟಿತು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೊವೆಲ್ 1894ರಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿ, ಬಾಯಾರಿದ ಮಂಗಳವಾಸಿಗಳು ಧ್ರುವದ ಹಿಮದಿಂದ ನೀರು ತರಲು ಕಾಲುವೆ ತೋಡಿದ್ದಾರೆಂದು ಜಗತ್ತಿಗೆಲ್ಲಾ ಸಾರಿದರು. 1965ರ ಜುಲೈಯಲ್ಲಿ ಮ್ಯಾರಿನರ್-4 ನೌಕೆ ಮಂಗಳನ ಬಳಿ ಹಾದು ಇಪ್ಪತ್ತಕ್ಕೂ ಹೆಚ್ಚು ಚಿತ್ರ ಕಳುಹಿಸಿದಾಗ ಕಂಡದ್ದು ಕುಳಿಗಳು. ಒಂದು ಕಾಲುವೆಯೂ ಇರಲಿಲ್ಲ. ಸೆಕ್ಕಿಯವರು ಹೆಸರಿಟ್ಟ ಆ ಕಲೆ ಮಾತ್ರ ನಿಜವಾದದ್ದೇ. ಈಗ ಸಿರ್ಟಿಸ್ ಮೇಜರ್ ಎಂದು ಕರೆಯುವ ಆ ಜಾಗ ನೀರೂ ಅಲ್ಲ, ಕಾಲುವೆಯೂ ಅಲ್ಲ. ಹಳೆಯ ಜ್ವಾಲಾಮುಖಿಯೊಂದು ಹರಡಿದ ಕಪ್ಪು ಶಿಲೆಯ ದಿಬ್ಬ.

ಇದರಲ್ಲಿ ಸೆಕ್ಕಿಯವರ ತಪ್ಪೆಷ್ಟು? ಅವರು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದರು, ಆದರೆ ಕಂಡದ್ದಕ್ಕೆ ಭೂಮಿಯ ಹೆಸರು ಕೊಟ್ಟರು. ದೂರದಿಂದ ನೋಡುವವನಿಗೆ ಈ ಅಪಾಯ ಯಾವಾಗಲೂ ಇದ್ದದ್ದೇ. ಇತರ ಲೋಕಗಳಲ್ಲಿಯೂ ದೇವರ ಸೃಷ್ಟಿಯ ಜೀವಿಗಳು ಇರಬಹುದೆಂದು ಅವರು ನಂಬಿದ್ದರು ಮತ್ತು ಅದನ್ನು ಬಹಿರಂಗವಾಗಿ ಬರೆದಿದ್ದರು. ಅದರಿಂದ ಅವರ ವಿಶ್ವಾಸಕ್ಕೆ ಯಾವ ಧಕ್ಕೆಯೂ ಆಗಲಿಲ್ಲ.

ಎರಡು ಬೆಟ್ಟಗಳಿಂದ ಒಂದು ಗ್ರಹಣ

ಸೆಕ್ಕಿಯವರ ಅತ್ಯಂತ ರೋಚಕ ಅಧ್ಯಾಯ 1860ರ ಜುಲೈ 18ರ ಖಗ್ರಾಸ ಸೂರ್ಯಗ್ರಹಣ. ಅದಕ್ಕೆ ಮೊದಲು 1842 ಮತ್ತು 1851ರ ಗ್ರಹಣಗಳಲ್ಲಿ, ಸೂರ್ಯ ಪೂರ್ತಿ ಮುಚ್ಚಿದಾಗ ಚಂದ್ರನ ಕಪ್ಪು ಅಂಚಿನಾಚೆಗೆ ಕೆಂಪು ಬೆಂಕಿಯ ನಾಲಗೆಗಳಂತಹವು ಚಾಚಿಕೊಂಡದ್ದನ್ನು ಹಲವರು ಕಂಡಿದ್ದರು. ಅವು ಏನು? ಸೂರ್ಯನ ಜ್ವಾಲೆಗಳೇ? ಚಂದ್ರನಿಗೆ ಸೇರಿದವೇ? ಅಥವಾ ಬೆಳಕು ಬಾಗಿ ಉಂಟಾದ ದೃಷ್ಟಿಭ್ರಮೆಯೇ? ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಗ್ರಹಣದ ಆ ಎರಡು ಮೂರು ನಿಮಿಷದಲ್ಲಿ ಗಾಬರಿಯಿಂದ ಬಿಡಿಸಿದ ಚಿತ್ರಗಳು ಒಬ್ಬರದ್ದು ಒಬ್ಬರಿಗೆ ಹೋಲುತ್ತಿರಲಿಲ್ಲ.

ಇದಕ್ಕೆ ಪರಿಹಾರ ಎರಡು ದೂರದ ಸ್ಥಳಗಳಿಂದ ಫೋಟೋ ತೆಗೆಯುವುದು. ಗ್ರಹಣದ ನೆರಳು ಸ್ಪೇನ್ ದೇಶವನ್ನು ಅಡ್ಡಲಾಗಿ ದಾಟಲಿತ್ತು. ಇಂಗ್ಲೆಂಡಿನ ವಾರೆನ್ ಡಿ ಲಾ ರೂ ತಮ್ಮ ಉಪಕರಣಗಳೊಂದಿಗೆ ಉತ್ತರದ ರಿವಾಬೆಲ್ಲೋಸಾ ಎಂಬ ಹಳ್ಳಿಯಲ್ಲಿ ಬೀಡುಬಿಟ್ಟರು. ಸೆಕ್ಕಿಯವರು ರೋಮಿನಿಂದ ದೂರದರ್ಶಕವನ್ನು ಒಯ್ದು, ಮೆಡಿಟರೇನಿಯನ್ ಕರಾವಳಿಯ ಕಾಸ್ಟೆಯೋನ್ ಬಳಿ ದೆಸಿಯೆರ್ತೊ ದೆ ಲಾಸ್ ಪಾಲ್ಮಾಸ್ ಎಂಬ ಬೆಟ್ಟದಲ್ಲಿ ಸ್ಪೇನಿನ ಜತೆಗಾರರೊಂದಿಗೆ ನೆಲೆಸಿದರು. ಅಲ್ಲಿ ಕಾರ್ಮೆಲ್ ಸಭೆಯ ಮಠವಿದೆ, ಕೆಳಗೆ ಸಮುದ್ರ. ಎರಡೂ ಶಿಬಿರಗಳ ನಡುವೆ ನೂರಾರು ಕಿಲೋಮೀಟರ್ ಅಂತರ.

ಆಗಿನ ಫೋಟೋ ಎಂದರೆ ಇಂದಿನಂತೆ ಗುಂಡಿ ಒತ್ತುವ ಕೆಲಸವಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಕ್ಯಾಮೆರಾದಲ್ಲಿಟ್ಟು, ಒಣಗುವ ಮೊದಲೇ ತೊಳೆದು ಮುಗಿಸಬೇಕು. ಜುಲೈ ತಿಂಗಳ ಸ್ಪೇನಿನ ಸೆಕೆಯಲ್ಲಿ, ಬೆಟ್ಟದ ಮೇಲೆ, ಹಠಾತ್ತನೆ ಕವಿದ ಕತ್ತಲೆಯಲ್ಲಿ ಇದನ್ನೆಲ್ಲಾ ಮಾಡಬೇಕು. ಸುಮಾರು ಮೂರು ನಿಮಿಷ ಮುಗಿದರೆ ಮತ್ತೆ ಅವಕಾಶವಿಲ್ಲ. ಸೆಕ್ಕಿಯವರ ತಂಡದಲ್ಲಿ ಈ ಕೆಲಸವನ್ನು ವಹಿಸಿಕೊಂಡವರು ವಲೆನ್ಸಿಯಾದ ರಸಾಯನಶಾಸ್ತ್ರ ಪ್ರಾಧ್ಯಾಪಕ ಮೊನ್ಸೆರಾತ್.

ಎರಡೂ ಕಡೆಯ ಫೋಟೋಗಳು ಸಿಕ್ಕಿದವು. ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಬೆಂಕಿಯ ನಾಲಗೆಗಳ ಆಕಾರ ಎರಡರಲ್ಲೂ ಒಂದೇ. ಚಂದ್ರ ಸರಿಯುತ್ತಾ ಹೋದಂತೆ ಒಂದು ಬದಿಯ ಜ್ವಾಲೆಗಳನ್ನು ಮುಚ್ಚುತ್ತಿತ್ತು, ಇನ್ನೊಂದು ಬದಿಯವನ್ನು ತೆರೆಯುತ್ತಿತ್ತು. ಚಂದ್ರನಿಗೆ ಸೇರಿದವಾಗಿದ್ದರೆ ಅವೂ ಚಂದ್ರನೊಂದಿಗೆ ಸರಿಯಬೇಕಿತ್ತು. ನಮ್ಮ ಗಾಳಿಯ ಭ್ರಮೆಯಾಗಿದ್ದರೆ ಎರಡು ಊರುಗಳಲ್ಲಿ ಎರಡು ರೂಪ ಕಾಣಬೇಕಿತ್ತು. ಜ್ವಾಲೆಗಳು ಸೂರ್ಯನವೇ ಎಂದು ಅಲ್ಲಿಗೆ ಇತ್ಯರ್ಥವಾಯಿತು. ಭೂಮಿಯನ್ನೇ ಹಲವು ಪಟ್ಟು ಮೀರಿಸುವಷ್ಟು ಎತ್ತರಕ್ಕೆ ಏಳುವ ಅನಿಲದ ಜ್ವಾಲೆಗಳವು.

ಎಂಟು ವರ್ಷಗಳ ಬಳಿಕ, 1868ರ ಆಗಸ್ಟ್ 18ರಂದು, ಇನ್ನೊಂದು ಖಗ್ರಾಸ ಗ್ರಹಣ ನಮ್ಮ ದೇಶದಲ್ಲಿ ಕಾಣಿಸಿತು. ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸ್ಪೆಕ್ಟ್ರೋಸ್ಕೋಪಿನಿಂದ ಈ ಜ್ವಾಲೆಗಳನ್ನು ಪರೀಕ್ಷಿಸಿ, ಗ್ರಹಣವಿಲ್ಲದ ದಿನವೂ ಅವುಗಳನ್ನು ಕಾಣುವ ಉಪಾಯ ಕಂಡುಹಿಡಿದರು. ಅಂದಿನಿಂದ ಸೆಕ್ಕಿಯವರಿಗೆ ಗ್ರಹಣ ಕಾಯುವ ಅಗತ್ಯ ಉಳಿಯಲಿಲ್ಲ. ಇಗರ್ಜಿಯ ಮಾಡಿನ ಮೇಲಿಂದ ದಿನವೂ ಸೂರ್ಯನ ಅಂಚನ್ನು ನೋಡುತ್ತಾ, ಶಾಂತವಾಗಿ ನಿಲ್ಲುವ ಜ್ವಾಲೆಗಳು ಮತ್ತು ಸಿಡಿದೇಳುವ ಜ್ವಾಲೆಗಳು ಎಂದು ವಿಂಗಡಿಸಿದರು.

ಬೆಳಕಿನ ಭಾಷೆ

ಸ್ಪೆಕ್ಟ್ರೋಸ್ಕೋಪ್ ಎಂದರೆ ಬೆಳಕನ್ನು ಮಳೆಬಿಲ್ಲಿನಂತೆ ಬಣ್ಣಗಳಾಗಿ ಬಿಡಿಸುವ ಸಾಧನ. ಬಿಡಿಸಿದ ಬಣ್ಣಗಳ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಯಾವ ಗೆರೆ ಯಾವ ಧಾತುವಿನದ್ದು ಎಂದು 1859ರಲ್ಲಿ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟ ಮೇಲೆ, ನಕ್ಷತ್ರದ ಬೆಳಕು ಒಂದು ಪತ್ರವಾಯಿತು. ಅದನ್ನು ಓದಲು ಕೂತವರಲ್ಲಿ ಸೆಕ್ಕಿಯವರಷ್ಟು ತಾಳ್ಮೆ ಬೇರೆಯವರಲ್ಲಿ ಕಾಣುವುದಿಲ್ಲ. 1863ರಿಂದ ತೊಡಗಿ ನಾಲ್ಕು ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳನ್ನು ಕೆಲವೇ ಗುಂಪುಗಳಿಗೆ ತಂದರು. ಬಿಳಿ ನಕ್ಷತ್ರಗಳದ್ದು ಒಂದು ಗುಂಪು, ನಮ್ಮ ಸೂರ್ಯನಂತಹ ಹಳದಿಯವುಗಳದ್ದು ಒಂದು, ಕೆಂಪು ನಕ್ಷತ್ರಗಳದ್ದು ಮತ್ತೊಂದು. ಗಾಢ ಕೆಂಪಿನ, ಇಂಗಾಲ ತುಂಬಿದ ನಕ್ಷತ್ರಗಳನ್ನು 1868ರಲ್ಲಿ ಬೇರೆಯಾಗಿ ಗುರುತಿಸಿದರು. 1866ರ ಆಗಸ್ಟ್ 23ರಂದು ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಒಂದು ನಕ್ಷತ್ರದಲ್ಲಿ ಕಪ್ಪು ಗೆರೆ ಇರಬೇಕಾದಲ್ಲಿ ಹೊಳೆಯುವ ಗೆರೆ ಕಂಡು ಅಚ್ಚರಿಪಟ್ಟರು. ಅಂತಹ ನಕ್ಷತ್ರಗಳಲ್ಲಿ ಮೊದಲು ಪತ್ತೆಯಾದದ್ದು ಅದೇ. (ಇದೇ ಆಗಸ್ಟ್ 23ರಂದು, 2023ರಲ್ಲಿ, ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಕಾಕತಾಳೀಯವಷ್ಟೇ, ಆದರೂ ಹೇಳಬೇಕೆನಿಸಿತು.)

ಗ್ರಹಗಳನ್ನೂ ಅವರು ಬಿಡಲಿಲ್ಲ. 1869ರಲ್ಲಿ ಯುರೇನಸ್ ಗ್ರಹದ ಬೆಳಕಿನಲ್ಲಿ ಅಗಲವಾದ ಕಪ್ಪು ಪಟ್ಟಿಗಳನ್ನು ಕಂಡರು. ಸೂರ್ಯನ ಬೆಳಕಿನಲ್ಲಿ ಅವು ಇಲ್ಲ. ಅಂದರೆ ಆ ಗ್ರಹದ ಗಾಳಿಯೇ ಬೆಳಕಿನ ಒಂದು ಭಾಗವನ್ನು ನುಂಗಿದೆ. ಯಾವ ಅನಿಲವೆಂದು ಹೇಳಲು ಅವರಿಂದಾಗಲಿಲ್ಲ. ಅದು ಮೀಥೇನ್ ಎಂದು ತಿಳಿದದ್ದು 1930ರ ದಶಕದಲ್ಲಿ.

ಇಷ್ಟರ ನಡುವೆ ಸಮುದ್ರಕ್ಕೂ ಇಳಿದರು. 1865ರ ಏಪ್ರಿಲ್‌ನಲ್ಲಿ ಪೋಪ್‌ರವರ ಹಡಗು ಇಮ್ಮಾಕೊಲಾತಾ ಕೊನ್ಸೆತ್ಸಿಯೋನೆಯಲ್ಲಿ, ಕಮಾಂಡರ್ ಚಿಯಾಲ್ದಿಯವರ ಜತೆ, ಚಿವಿತಾವೆಕ್ಕಿಯಾ ಬಂದರಿನಾಚೆ ಬಿಳಿ ಬಿಲ್ಲೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆ ಎಂದು ಅಳೆದರು. ಮಳೆಗಾಲದಲ್ಲಿ ನೇತ್ರಾವತಿಯ ಕೆನ್ನೀರು ಅಳಿವೆಬಾಗಿಲಿನಲ್ಲಿ ಕಡಲು ಸೇರುವುದನ್ನು ಕಂಡವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಾಗಿಲ್ಲ. ನೀರು ಎಷ್ಟು ತಿಳಿ ಎಂದು ತಿಳಿಯಲು ಇದಕ್ಕಿಂತ ಸುಲಭ ಸಾಧನ ಇಲ್ಲ. ಸೆಕ್ಕಿ ಡಿಸ್ಕ್ ಎಂಬ ಹೆಸರಿನಿಂದ ಲೋಕದೆಲ್ಲೆಡೆ ಇಂದಿಗೂ ಅದು ಬಳಕೆಯಲ್ಲಿದೆ. ಉಪಗ್ರಹಗಳು ಮೇಲಿನಿಂದ ಸಮುದ್ರದ ಬಣ್ಣ ನೋಡಿ ಹೇಳುವ ಲೆಕ್ಕವನ್ನು ಪರಿಶೀಲಿಸಲೂ ದೋಣಿಯಿಂದ ಇದೇ ಬಿಲ್ಲೆಯನ್ನು ಇಳಿಸುತ್ತಾರೆ. ಹವಾಮಾನವನ್ನು ತಾನಾಗಿಯೇ ಕಾಗದದ ಮೇಲೆ ಬರೆಯುವ ಅವರ ಯಂತ್ರ 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಬಹುಮಾನ ಗಳಿಸಿತೆಂಬುದನ್ನು ಇಲ್ಲಿ ಹೇಳಿ ಮುಂದುವರಿಯೋಣ.

ಬಿಡಬೇಕೇ, ಉಳಿಯಬೇಕೇ

1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮನ್ನು ವಶಪಡಿಸಿಕೊಂಡಿತು. ಪೋಪ್‌ರವರ ಆಳ್ವಿಕೆ ಕೊನೆಗೊಂಡಿತು. ರೋಮನ್ ಕಾಲೇಜು ಜೆಸ್ವಿಟರ ಕೈತಪ್ಪಿ ಸರಕಾರಿ ಶಾಲೆಯಾಯಿತು. 1873ರ ಕಾನೂನಿನಿಂದ ರೋಮಿನ ಧಾರ್ಮಿಕ ಸಭೆಗಳ ಮನೆಗಳೂ ಮುಟ್ಟುಗೋಲಾದವು. ಸೆಕ್ಕಿಯವರ ಜತೆಗಾರರು ಚದುರಿಹೋದರು.

ಸೆಕ್ಕಿಯವರ ಪರಿಸ್ಥಿತಿ ವಿಚಿತ್ರವಾಗಿತ್ತು. ಜಗತ್ತಿನಾದ್ಯಂತ ಹೆಸರು ಮಾಡಿದ ವಿಜ್ಞಾನಿಯನ್ನು ಹೊರಹಾಕಿದರೆ ಹೊಸ ಸರಕಾರಕ್ಕೇ ಅವಮಾನ. ಆದ್ದರಿಂದ ಸರಕಾರ ಅವರನ್ನು ಒಲಿಸಿಕೊಳ್ಳಲು ನೋಡಿತು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠವೂ ಬಂತು, ಆದರೆ ಅವರು ಅದರಲ್ಲಿ ಮುಂದುವರಿಯಲಿಲ್ಲ. ಸಭೆಯನ್ನು ಬಿಟ್ಟಿದ್ದರೆ ಸಂಬಳ, ಸ್ಥಾನಮಾನ, ಹೊಸ ಯಂತ್ರಗಳು ಎಲ್ಲವೂ ಸಿಗುತ್ತಿದ್ದವು. ಅವರು ಸಭೆಯಲ್ಲೂ ಉಳಿದರು, ವೀಕ್ಷಣಾಲಯದಲ್ಲೂ ಉಳಿದರು. ಇದರಿಂದ ಎರಡೂ ಕಡೆಯವರಿಂದ ಮಾತು ಕೇಳಬೇಕಾಯಿತು. ಸರಕಾರದ ಪರದವರಿಗೆ ಅವರು ಹಠಮಾರಿ ಜೆಸ್ವಿಟ್. ಕೆಲವು ಕಥೋಲಿಕರಿಗೆ ಅವರು ಪೋಪ್‌ರವರ ವಿರೋಧಿಗಳೊಂದಿಗೆ ಕೈಜೋಡಿಸುವವರು. ತಮ್ಮ ಕೆಳಗಿನ ಕಟ್ಟಡವೆಲ್ಲಾ ಬೇರೆಯವರ ಪಾಲಾದ ಮೇಲೂ ಆ ಗುರುಗಳು ದಿನದಿನವೂ ಮಾಡು ಹತ್ತಿ ಸೂರ್ಯನ ಚಿತ್ರ ಬಿಡಿಸುತ್ತಿದ್ದರು ಎಂಬುದನ್ನು ನೆನೆದರೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಅದೇ ಕಾಲದಲ್ಲಿ, 1871ರಲ್ಲಿ, ಅವರು ಪಿಯೆತ್ರೊ ತಕ್ಕೀನಿ ಮೊದಲಾದವರೊಂದಿಗೆ ಇಟಲಿಯ ಸ್ಪೆಕ್ಟ್ರೋಸ್ಕೋಪ್ ವಿಜ್ಞಾನಿಗಳ ಸಂಘವನ್ನು ಸ್ಥಾಪಿಸಿದರು. ತಕ್ಕೀನಿ ಸರಕಾರಿ ವೀಕ್ಷಣಾಲಯದವರು, ಸೆಕ್ಕಿ ಪೋಪ್‌ರ ಕಡೆಯವರು. ದೇಶದ ರಾಜಕೀಯದಲ್ಲಿ ಸಾಧ್ಯವಾಗದ ಒಡನಾಟ ಸೂರ್ಯನ ವಿಷಯದಲ್ಲಿ ಸಾಧ್ಯವಾಯಿತು. ರೋಮ್, ಪಲೆರ್ಮೊ, ಪಾದುವಾಗಳಿಂದ ಒಂದೇ ದಿನ ಸೂರ್ಯನನ್ನು ನೋಡಿ ಚಿತ್ರಗಳನ್ನು ಹೋಲಿಸುವುದು ಅವರ ಕ್ರಮ. ಸ್ಪೇನಿನ ಬೆಟ್ಟಗಳಲ್ಲಿ ಒಂದು ದಿನ ಮಾಡಿದ್ದನ್ನು ಈಗ ನಿತ್ಯದ ಅಭ್ಯಾಸ ಮಾಡಿಕೊಂಡರು.

ಈ ಸಂಘದ ಕೆಲಸವೇ ಭಾರತಕ್ಕೂ ಬಂತು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯನ ಎದುರು ಹಾದುಹೋಗಲಿತ್ತು. ಭೂಮಿಯ ದೂರದೂರದ ಊರುಗಳಿಂದ ಅದನ್ನು ನೋಡಿದರೆ, ಹೆಬ್ಬೆರಳಿನ ಜಿಗಿತದ ಲೆಕ್ಕದಂತೆಯೇ, ಸೂರ್ಯನ ದೂರ ಹೇಳಬಹುದು. ತಕ್ಕೀನಿ ಅವರ ತಂಡ ಬಂಗಾಳದ ಮುದ್ದಾಪುರಕ್ಕೆ ಬಂದಿಳಿಯಿತು. ಕಲ್ಕತ್ತಾದ ಸಂತ ಝೇವಿಯರ್ ಕಾಲೇಜಿನ ಬೆಲ್ಜಿಯನ್ ಜೆಸ್ವಿಟ್ ಫಾ| ಯುಜೀನ್ ಲಫೋಂಟ್ ಅವರನ್ನು ಕೂಡಿಕೊಂಡರು. ತಕ್ಕೀನಿಯವರ ಪ್ರೋತ್ಸಾಹದಿಂದ 1875ರಲ್ಲಿ ಫಾ| ಲಫೋಂಟ್ ಆ ಕಾಲೇಜಿನಲ್ಲಿ ಸೂರ್ಯ ವೀಕ್ಷಣಾಲಯವೊಂದನ್ನು ಸ್ಥಾಪಿಸಿದರು.

ಕೊನೆ ಮತ್ತು ಆಮೇಲೆ

1877ರಲ್ಲಿ ನಕ್ಷತ್ರಗಳ ಕುರಿತ ಅವರ ಗ್ರಂಥ ಹೊರಬಂತು. ಅಷ್ಟರಲ್ಲಿ ಹೊಟ್ಟೆಯ ಕಾಯಿಲೆ ಉಲ್ಬಣಿಸಿತ್ತು. 1878ರ ಫೆಬ್ರವರಿ 7ರಂದು ಪೋಪ್ ಒಂಬತ್ತನೇ ಪಿಯುಸ್ ತೀರಿಕೊಂಡರು. ಹತ್ತೊಂಬತ್ತು ದಿನಗಳ ಬಳಿಕ, ಫೆಬ್ರವರಿ 26ರಂದು, ಫಾ| ಸೆಕ್ಕಿಯವರು ದೈವಾಧೀನರಾದರು. ವಯಸ್ಸು 59. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದರು.

ಮರುವರ್ಷ ಸರಕಾರ ವೀಕ್ಷಣಾಲಯವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದರ ನಿರ್ದೇಶಕರಾಗಿ ಬಂದವರು ಸೆಕ್ಕಿಯವರ ಗೆಳೆಯ ತಕ್ಕೀನಿ. ಪೋಪ್ ಹದಿಮೂರನೇ ಲಿಯೊ 1891ರಲ್ಲಿ ವ್ಯಾಟಿಕನ್ ವೀಕ್ಷಣಾಲಯವನ್ನು ಮರುಸ್ಥಾಪಿಸಿದರು. ನಕ್ಷತ್ರಗಳ ಸೆಕ್ಕಿ ವರ್ಗೀಕರಣ ಕಾಲಕ್ರಮೇಣ ಅಮೆರಿಕದ ಹಾರ್ವರ್ಡಿನ ವಿವರವಾದ ವರ್ಗೀಕರಣಕ್ಕೆ ದಾರಿಮಾಡಿಕೊಟ್ಟು ಬದಿಗೆ ಸರಿಯಿತು. ಚಂದ್ರನ ಮೇಲೂ ಮಂಗಳನ ಮೇಲೂ ಒಂದೊಂದು ಕುಳಿಗೆ ಅವರ ಹೆಸರಿದೆ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಇಸ್ರೋ 2008ರ ಅಕ್ಟೋಬರ್ 22ರಂದು ಕಳುಹಿಸಿದ ಚಂದ್ರಯಾನ-1ರಲ್ಲಿ ನೆಲದ ನಕ್ಷೆ ಮಾಡುವ ಕ್ಯಾಮೆರಾ ಒಂದಿತ್ತು. ಅದು ಒಂದೇ ಜಾಗವನ್ನು ಮುಂದಿನಿಂದ, ನೇರ ಮೇಲಿನಿಂದ, ಹಿಂದಿನಿಂದ ಹೀಗೆ ಮೂರು ಕೋನಗಳಲ್ಲಿ ನೋಡಿ, ಐದು ಮೀಟರ್ ವಿವರದಲ್ಲಿ ಚಂದ್ರನ ಏರುತಗ್ಗುಗಳನ್ನು ಅಳೆಯಿತು. ಅದೇ ನೌಕೆಯಲ್ಲಿದ್ದ ನಾಸಾದ ಇನ್ನೊಂದು ಉಪಕರಣ, ನೆಲದಿಂದ ಪ್ರತಿಫಲಿಸಿದ ಬೆಳಕನ್ನು ಬಿಡಿಸಿ ನೋಡಿ, ಚಂದ್ರನ ಮೇಲ್ಮೈಯಲ್ಲಿ ನೀರಿನ ಅಂಶವಿರುವ ಗುರುತನ್ನು ಪತ್ತೆಹಚ್ಚಿತು. 2009ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟವಾಯಿತು. ಜೇಡನ ನೂಲಿನಿಂದ ಕೊಪರ್ನಿಕಸ್ ಕುಳಿಯನ್ನು ಅಳೆದವರಿಗೆ, ಯುರೇನಸ್ಸಿನ ಕಪ್ಪು ಪಟ್ಟಿಗಳ ಅರ್ಥ ತಿಳಿಯದೆ ತಲೆ ಕೆಡಿಸಿಕೊಂಡವರಿಗೆ ಈ ಎರಡೂ ಕೆಲಸಗಳ ಬಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

2006ರ ಅಕ್ಟೋಬರ್‌ನಲ್ಲಿ ನಾಸಾ ಎರಡು ಅವಳಿ ನೌಕೆಗಳನ್ನು ಹಾರಿಸಿತು. ಭೂಮಿಯ ಹಾದಿಯಲ್ಲೇ ಒಂದು ಮುಂದೆ, ಒಂದು ಹಿಂದೆ ಸಾಗುತ್ತಾ ಎರಡು ಕಣ್ಣುಗಳಂತೆ ಸೂರ್ಯನನ್ನು ನೋಡುವುದು ಅವುಗಳ ಕೆಲಸ. ಸ್ಟೀರಿಯೊ ಎಂದು ಯೋಜನೆಯ ಹೆಸರು. ಎರಡೂ ನೌಕೆಗಳಲ್ಲಿ ಸೂರ್ಯನ ಜ್ವಾಲೆಗಳ, ಪ್ರಭಾವಲಯದ ಚಿತ್ರ ತೆಗೆಯುವ ಕ್ಯಾಮೆರಾಗಳ ಗುಚ್ಛಕ್ಕೆ ಸೆಕ್ಕಿ ಎಂದೇ ಹೆಸರಿಟ್ಟರು. 2011ರ ಫೆಬ್ರವರಿಯಲ್ಲಿ ಎರಡೂ ನೌಕೆಗಳು ಸೂರ್ಯನ ಎದುರುಬದುರು ಬದಿಗಳಿಗೆ ತಲುಪಿ, ಇಡೀ ಸೂರ್ಯಗೋಲವನ್ನು ಸುತ್ತಲೂ ಒಂದೇ ಬಾರಿಗೆ ಕಾಣುವುದು ಮೊತ್ತಮೊದಲು ಸಾಧ್ಯವಾಯಿತು. ಹಿಂದಿನ ನೌಕೆಯ ಸಂಪರ್ಕ 2014ರ ಅಕ್ಟೋಬರ್‌ನಲ್ಲಿ ಕಡಿದುಹೋಯಿತು. ಮುಂದಿನ ನೌಕೆ ಸೂರ್ಯನನ್ನು ಸುತ್ತಿ 2023ರ ಆಗಸ್ಟ್‌ನಲ್ಲಿ ಭೂಮಿಯ ಪಕ್ಕದಲ್ಲಿ ಹಾದುಹೋಯಿತು.

ರೋಮಿನ ಸಂತ ಇಗ್ನೇಷಿಯಸರ ಇಗರ್ಜಿಗೆ ಇಂದಿಗೂ ಕಲ್ಲಿನ ಗುಮ್ಮಟವಿಲ್ಲ. ಹೋದವರು ಅಮೃತಶಿಲೆಯ ಬಿಲ್ಲೆಯ ಮೇಲೊಮ್ಮೆ, ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಒಮ್ಮೆ ನಿಂತು ನೋಡಬಹುದು.